8 ಕಿಲೋ ಬ್ಯಾಗಿನಲ್ಲಿ ಡ್ಯಾನ್ಯೂಬ್ ಚಳಿಗೆ

ಡಿಸೆಂಬರ್ ಮೊದಲ ವಾರ ಅಮ್ಮ ಮತ್ತು ನಾನು ಡ್ಯಾನ್ಯೂಬ್ ನದಿಯಲ್ಲಿ ಎಂಟು ದಿನದ ಕ್ರೂಸ್‌ಗೆ ಹೋಗ್ತಿದ್ದೀವಿ, ತಲೆಗೊಂದು ಕ್ಯಾಬಿನ್ ಬ್ಯಾಗ್ ಮಾತ್ರ ಅಂದಾಗ ಆಫೀಸಿನಲ್ಲಿ ಒಬ್ಬರೂ ನಂಬಲಿಲ್ಲ. "ಜಾಕೆಟ್ಟೇ ಒಂದು ಸೂಟ್‌ಕೇಸ್ ಆಗುತ್ತಲ್ವಾ?" ಅಂದಳು ಪಕ್ಕದ ಸೀಟಿನವಳು. ದೊಡ್ಡಮ್ಮ ಎರಡು ಮಂಕಿ ಕ್ಯಾಪ್ ಕಳಿಸಿದರು. ದೆಹಲಿಯಲ್ಲಿ ಹತ್ತು ವರ್ಷ ಇದ್ದು ಬಂದ ಚಿಕ್ಕಪ್ಪ, ಮೊಣಕಾಲು ಮುಟ್ಟುವ ಉಣ್ಣೆ ಕೋಟು ತಂದುಕೊಟ್ಟು, "ಇದೊಂದಿದ್ರೆ ಸಾಕು, ಹಿಮಾಲಯಕ್ಕೂ ಹೋಗ್ಬಹುದು" ಅಂದರು. ತೂಗಿ ನೋಡಿದೆ. ಕೋಟು ಒಂದೇ 2.6 ಕಿಲೋ.

ಹೋಗಿ ಬಂದು ಫೋಟೊ ಹಾಕಿದ ಮೇಲೆ ನಿಮ್ಮಲ್ಲಿ ತುಂಬ ಜನ ಕೇಳಿದ ಪ್ರಶ್ನೆಯೂ ಬ್ಯಾಗಿನದ್ದೇ. ವಿಯೆನ್ನಾ ಹೇಗಿತ್ತು ಅಂತ ಕೇಳಿದವರು ಕಡಿಮೆ, ಅಷ್ಟು ಚಳಿಗೆ ಅಷ್ಟು ಸಣ್ಣ ಬ್ಯಾಗ್ ಹೇಗೆ ಸಾಕಾಯ್ತು ಅಂತ ಕೇಳಿದವರೇ ಹೆಚ್ಚು. ಹಾಗಾಗಿ ಈ ಸಲದ ಅಂಕಣ ಪೂರ್ತಿ ಅದಕ್ಕೇ.

ಮೊದಲು, ಯಾಕೆ ಅಂತ ಹೇಳಿಬಿಡ್ತೀನಿ. ಇನ್‌ಸ್ಟಾಗ್ರಾಂ ರೀಲ್‌ಗಳಲ್ಲಿ ಬರುವ ‘ಒಂದೇ ಬ್ಯಾಗ್, ಇಪ್ಪತ್ತು ಔಟ್‌ಫಿಟ್’ ಸಾಹಸ ನನಗೆ ಬೇಕಿರಲಿಲ್ಲ. ನಮ್ಮ ಮನೆಯಲ್ಲಿ ಲಗೇಜ್ ಅನ್ನೋದು ಅಪ್ಪನ ಖಾತೆ. ಧರ್ಮಸ್ಥಳಕ್ಕೆ ಹೋದರೂ, ಮದುವೆಗೆ ಹೋದರೂ ಎರಡೂ ಕೈಯಲ್ಲಿ ಬ್ಯಾಗ್ ಹಿಡಿದು ಮುಂದೆ ನಡೆಯೋರು ಅಪ್ಪ, ನೀರಿನ ಬಾಟಲಿ ಹಿಡಿದು ಹಿಂದೆ ಬರೋರು ನಾವು. ಅಪ್ಪ ಹೋಗಿ ಮೂರು ವರ್ಷವಾಯ್ತು. ಆಮೇಲೆ ಅಮ್ಮ ತಿಪಟೂರು ಬಿಟ್ಟು ನಮ್ಮ ಬೆಂಗಳೂರಿನ ಮನೆಗೆ ಬರುವುದು ಬಿಟ್ಟರೆ ಬೇರೆಲ್ಲಿಗೂ ಹೋಗಿರಲಿಲ್ಲ. ಎಲ್ಲಿಗೆ ಕರೆದರೂ ಒಂದೇ ಉತ್ತರ: "ಬ್ಯಾಗ್ ಹೊರೋರು ಯಾರು? ನಿಂಗೂ ಭಾರ, ನನ್ ಮಂಡಿಗೂ ಭಾರ." ಕ್ರೂಸ್‌ಗೆ ಒಪ್ಪಿಕೊಂಡಾಗ ಹಾಕಿದ ಷರತ್ತೂ ಒಂದೇ. "ನನ್ ಬ್ಯಾಗ್ ನಾನೇ ಹೊರ್ತೀನಿ. ನೀನು ಮುಟ್ಟಕೂಡದು."

ಹಾಗಾಗಿ ಲೆಕ್ಕ ಶುರುವಾಗಿದ್ದು ಅಮ್ಮನ ತೋಳಿನಿಂದ. 64 ವರ್ಷದ, ಎಡ ಮಂಡಿ ನೋವಿರುವ ಹೆಂಗಸು ರೈಲಿನ ಮೂರು ಮೆಟ್ಟಿಲಿಗೆ ಎತ್ತಿಟ್ಟುಕೊಳ್ಳಬಹುದಾದ ತೂಕ ಎಷ್ಟು? ಮನೆಯಲ್ಲಿ ಅಕ್ಕಿ ಚೀಲ ಎತ್ತಿಸಿ ನೋಡಿದೆವು. 10 ಕಿಲೋ ಕಷ್ಟ, 8 ಕಿಲೋ ಸಲೀಸು. ಹಲವು ಯುರೋಪಿಯನ್ ವಿಮಾನ ಸಂಸ್ಥೆಗಳ ಎಕಾನಮಿ ಕ್ಯಾಬಿನ್ ಬ್ಯಾಗ್ ಮಿತಿಯೂ ಸರಿಯಾಗಿ 8 ಕಿಲೋ. ಅಲ್ಲಿಗೆ ಸಂಖ್ಯೆ ನಿಂತಿತು.

ನಮ್ಮ ದಾರಿ ಹೀಗಿತ್ತು: ಬೆಂಗಳೂರಿಂದ ಮ್ಯೂನಿಕ್, ಅಲ್ಲಿಂದ ರೈಲಿನಲ್ಲಿ ನ್ಯೂರೆಂಬರ್ಗ್, ಅಲ್ಲಿ ಹಡಗು ಹತ್ತಿ ರೆಗನ್ಸ್‌ಬರ್ಗ್, ಪಸಾವ್, ಮೆಲ್ಕ್, ವಿಯೆನ್ನಾ, ಬ್ರಾಟಿಸ್ಲಾವಾ, ಕೊನೆಗೆ ಬುಡಾಪೆಸ್ಟ್. ನಾಲ್ಕು ದೇಶ, ಒಂದೇ ಷೆಂಗೆನ್ ವೀಸಾ. ಆ ದಿನಗಳಲ್ಲಿ ಈ ಊರುಗಳಲ್ಲೆಲ್ಲ ಕ್ರಿಸ್‌ಮಸ್ ಸಂತೆ ನಡೆಯುತ್ತೆ. ಅದನ್ನು ನೋಡಲಿಕ್ಕೇ ಜನ ಈ ಚಳಿಯಲ್ಲಿ ಹಡಗು ಹತ್ತೋದು. ಉಷ್ಣಾಂಶ 0 ಡಿಗ್ರಿಯ ಆಸುಪಾಸು, ಸಂಜೆ 4ಕ್ಕೆಲ್ಲ ಕತ್ತಲು, ನದಿಯ ಮೇಲಿಂದ ಒದ್ದೆ ಗಾಳಿ.

ಸಮುದ್ರದ ಕ್ರೂಸ್ ನೋಡಿದವರಿಗೆ ನದಿ ಹಡಗು ಆಟಿಕೆಯ ಹಾಗೆ ಕಾಣಬಹುದು. ಈ ದಾರಿಯ ದೊಡ್ಡ ಹಡಗುಗಳು 135 ಮೀಟರ್ ಉದ್ದ, ಅಗಲ ಮಾತ್ರ 11.4 ಮೀಟರ್. ಕಾರಣ ಇಷ್ಟೇ: 1992ರಲ್ಲಿ ಪೂರ್ತಿಯಾದ ಮೈನ್–ಡ್ಯಾನ್ಯೂಬ್ ಕಾಲುವೆಯಲ್ಲಿ ಹಡಗನ್ನು ಏರಿಸಿ ಇಳಿಸುವ ಲಾಕ್‌ಗಳ ಅಗಲ 12 ಮೀಟರ್. ಅದರೊಳಗೆ ತೂರಬೇಕಲ್ಲ. ಹಾಗಾಗಿ ಕ್ಯಾಬಿನ್ನೂ ಕಿರಿದು, ಬೀರು ಇನ್ನೂ ಕಿರಿದು. ಸೂಟ್‌ಕೇಸ್ ಮಂಚದ ಕೆಳಗೆ ಸೇರಬೇಕು. ಎರಡು ದೊಡ್ಡ ಸೂಟ್‌ಕೇಸ್ ತಂದವರು ಬಾತ್‌ರೂಮಿಗೆ ಹೋಗಲು ಅಡ್ಡಡ್ಡ ನಡೆಯುವುದನ್ನು ನಾನೇ ನೋಡಿದೆ.

ಈಗ ಚಳಿಯ ವಿಷಯಕ್ಕೆ ಬರೋಣ. ಅಮ್ಮನನ್ನು ಒಪ್ಪಿಸುವುದಕ್ಕೆ ನಾನು ಯೂಟ್ಯೂಬ್ ವಿಡಿಯೊ ಎಲ್ಲ ಇಟ್ಟುಕೊಂಡು ಕೂತಿದ್ದೆ. ಅಮ್ಮ ಮೂವತ್ತೊಂದು ವರ್ಷ ಸರ್ಕಾರಿ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿದವರು. ಒಂದು ನಿಮಿಷ ವಿಡಿಯೊ ನೋಡಿ ಫೋನ್ ಪಕ್ಕಕ್ಕಿಟ್ಟರು.

"ಇದನ್ನ ನಾನು ಮಕ್ಕಳಿಗೆ ಪ್ರತಿ ವರ್ಷ ಕೇಳ್ತಿದ್ದೆ ಕಣೇ. ಒಂದು ದಪ್ಪ ಕಂಬಳಿಗಿಂತ ಎರಡು ತೆಳು ಕಂಬಳಿ ಹೊದ್ದರೆ ಯಾಕೆ ಬೆಚ್ಚಗಿರುತ್ತೆ? ಎರಡು ಅಂಕದ ಪ್ರಶ್ನೆ."

"ಯಾಕೆ?" ಅಂದೆ.

"ಮಧ್ಯೆ ಗಾಳಿ ಸಿಕ್ಕಿಹಾಕ್ಕೊಂಡಿರುತ್ತೆ. ಗಾಳಿ ಉಷ್ಣವನ್ನ ಸುಲಭವಾಗಿ ದಾಟಿಸಲ್ಲ. ಬರೆದಿದ್ದೆಯಲ್ಲ ನೀನೂ, ಎರಡಕ್ಕೆ ಒಂದೂವರೆ ಕೊಟ್ಟಿದ್ದೆ."

ಇಡೀ ಪ್ಯಾಕಿಂಗ್ ಈ ಎರಡು ಅಂಕದ ಉತ್ತರದಲ್ಲೇ ಇದೆ. ಮೈಗಂಟಿಕೊಂಡು ಒಂದು ತೆಳು ಥರ್ಮಲ್. ಅದರ ಮೇಲೆ ಗಾಳಿ ಹಿಡಿದಿಡುವ ಫ್ಲೀಸ್ ಅಥವಾ ಸ್ವೆಟರ್. ಎಲ್ಲಕ್ಕೂ ಮೇಲೆ ಗಾಳಿ, ಮಳೆ ಒಳಗೆ ಬಿಡದ ಟೊಪ್ಪಿಗೆ ಜಾಕೆಟ್. ಮೂರೂ ಸೇರಿ ಚಿಕ್ಕಪ್ಪನ ಕೋಟಿನ ಅರ್ಧ ತೂಕ. ಇನ್ನೊಂದು ಲಾಭ, ಬೇಡವಾದಾಗ ಒಂದೊಂದೇ ಕಳಚಬಹುದು. ಇದು ಬಹಳ ಮುಖ್ಯ. ಯಾಕೆಂದರೆ ಯುರೋಪಿನ ಚಳಿ ಇರೋದು ಹೊರಗೆ ಮಾತ್ರ. ಹಡಗು, ಬಸ್ಸು, ಚರ್ಚಿನ ಪಕ್ಕದ ಕಾಫಿ ಅಂಗಡಿ, ಎಲ್ಲ ಕಡೆ ಹೀಟರ್. ದಿನಕ್ಕೆ ಹತ್ತು ಸಲ 0 ಡಿಗ್ರಿಯಿಂದ 22 ಡಿಗ್ರಿಗೆ ಹೋಗಿ ಬರ್ತೀರಿ. ಒಂದೇ ದಪ್ಪ ಕೋಟು ಹಾಕಿದವರು ಒಳಗೆ ಬೆವರುತ್ತಾರೆ, ಆ ಬೆವರಲ್ಲೇ ಹೊರಗೆ ಬಂದು ನಡುಗುತ್ತಾರೆ.

ಥರ್ಮಲ್ ಹತ್ತಿಯದಾಗಿರಬಾರದು. ಅಮ್ಮ ಇದಕ್ಕೆ ಮೊದಲು ಒಪ್ಪಲಿಲ್ಲ. ನಮ್ಮಲ್ಲಿ ಹತ್ತಿ ಅಂದರೆ ಆರೋಗ್ಯ, ಸಿಂಥೆಟಿಕ್ ಅಂದರೆ ತುರಿಕೆ. ಆದರೆ ಹತ್ತಿ ಬೆವರು ಕುಡಿದು ಹಾಗೇ ಇಟ್ಟುಕೊಳ್ಳುತ್ತೆ, ಆ ನೀರು ಆರುವಾಗ ಮೈಯ ಬಿಸಿ ಎಳೆಯುತ್ತೆ ಅಂದೆ. "ಓ, ಮಣ್ಣಿನ ಮಡಕೆ ನೀರು ತಣ್ಣಗಾಗೋ ಲೆಕ್ಕ" ಅಂತ ಅಮ್ಮನೇ ಮುಗಿಸಿದರು. ಮೆರಿನೊ ಉಣ್ಣೆಯದು ಸಿಕ್ಕರೆ ಎಲ್ಲಕ್ಕಿಂತ ಒಳ್ಳೆಯದು, ಮೂರು ದಿನ ಹಾಕಿದರೂ ವಾಸನೆ ಬರಲ್ಲ. ಬೆಲೆ ಜಾಸ್ತಿ. ನಾನು ಅಮ್ಮನಿಗೆ ಮೆರಿನೊ ಒಂದು ಜೊತೆ, ಪಾಲಿಯೆಸ್ಟರ್ ಒಂದು ಜೊತೆ ತಗೊಂಡೆ. ನನಗೆ ಎರಡೂ ಪಾಲಿಯೆಸ್ಟರ್. ಎಂಟು ದಿನಕ್ಕೆ ತಲಾ ಎರಡು ಜೊತೆ ಧಾರಾಳ ಸಾಕು. ರಾತ್ರಿ ಮಲಗುವ ಬಟ್ಟೆಯೂ ಅದೇ ಆಗಿದ್ದರಿಂದ ನೈಟಿ ತೂಕ ಉಳಿಯಿತು.

ಒಗೆಯೋದು ಹೇಗೆ ಅಂತ ಕೇಳಿದ್ರಿ. ಹಡಗಿನಲ್ಲಿ ಲಾಂಡ್ರಿ ಇರುತ್ತೆ, ಬಟ್ಟೆಗಿಷ್ಟು ಅಂತ ಯುರೋ ಕೀಳುತ್ತಾರೆ. ನಾವು ರಾತ್ರಿ ಸಿಂಕ್‌ನಲ್ಲೇ ಶಾಂಪೂ ಹಾಕಿ ಹಿಂಡಿ, ಒಣ ಟವೆಲ್ ಮೇಲೆ ಹರಡಿ, ಚಾಪೆ ಸುತ್ತಿದ ಹಾಗೆ ಸುತ್ತಿ, ಅದರ ಮೇಲೆ ನಿಂತು ತುಳಿಯುತ್ತಿದ್ದೆವು. ನೀರೆಲ್ಲ ಟವೆಲ್‌ಗೆ ಹೋಗುತ್ತೆ. ಬಾತ್‌ರೂಮಿನಲ್ಲಿ ನೇತುಹಾಕಿದರೆ ಬೆಳಗ್ಗೆಗೆ ಗರಿಗರಿ. ಹೀಟರ್‌ನ ಒಣ ಗಾಳಿಗೆ ಇದೊಂದು ಒಳ್ಳೆ ಗುಣ.

ಸೀರೆಯ ಪ್ರಶ್ನೆ ಇದಕ್ಕಿಂತ ಕಷ್ಟದ್ದು. ಅಮ್ಮ ಹುಟ್ಟಿದಾಗಿನಿಂದ ಲಂಗ, ಲಂಗ-ದಾವಣಿ, ಸೀರೆ, ಅಷ್ಟೇ. ಚೂಡಿದಾರ್ ಕೂಡ ಹಾಕಿದವರಲ್ಲ. ಚಳಿಯಲ್ಲಿ ಸೀರೆ ಉಡೋಕೇ ಆಗಲ್ಲ ಅಂತೇನಿಲ್ಲ. ಲಂಗದ ಬದಲು ಒಳಗೆ ದಪ್ಪ ಲೆಗ್ಗಿಂಗ್ಸ್, ರವಿಕೆಯ ಬದಲು ತುಂಬು ತೋಳಿನ ಥರ್ಮಲ್, ಮೇಲೆ ಜಾಕೆಟ್ ಹಾಕಿ ಸೆರಗನ್ನ ಅದರೊಳಗೆ ಸೇರಿಸಿದರೆ ಬೆಚ್ಚಗೇ ಇರುತ್ತೆ. ತೊಂದರೆ ಇರೋದು ಅಂಚಿನಲ್ಲಿ. ಹಿಮ ಕರಗಿದ ನೀರು, ಸಂತೆಯ ಕೆಸರು ಅಂಚಿಗೆ ಹತ್ತಿ ಮೇಲೇರುತ್ತೆ. ಒದ್ದೆ ಅಂಚು ಕಾಲಿಗೆ ಬಡಿಯುತ್ತಾ 0 ಡಿಗ್ರಿಯಲ್ಲಿ ಮೂರು ಗಂಟೆ ನಡೆಯೋದು, ಅದೂ ಜಾರುವ ಕಲ್ಲುಹಾಸಿನ ಮೇಲೆ, ಮಂಡಿ ನೋವಿನವರಿಗೆ ಬೇಡವೇ ಬೇಡ ಅನ್ನೋದು ನನ್ನ ಅಭಿಪ್ರಾಯ.

ಮೂರು ದಿನ ನಾವಿಬ್ಬರೂ ಈ ವಿಷಯ ಎತ್ತಲೇ ಇಲ್ಲ. ನಾಲ್ಕನೇ ದಿನ ಬೆಳಗ್ಗೆ ಐದೂವರೆಗೆ ಎದ್ದು ನೋಡಿದರೆ ಅಮ್ಮ ನಮ್ಮ ಅಪಾರ್ಟ್‌ಮೆಂಟಿನ ತಾರಸಿಯಲ್ಲಿ, ನಾನು ತಂದಿಟ್ಟಿದ್ದ ಕಪ್ಪು ಟ್ರೆಕ್ಕಿಂಗ್ ಪ್ಯಾಂಟ್ ಹಾಕಿಕೊಂಡು, ಮೇಲೆ ಉದ್ದನೆಯ ಕುರ್ತಾ ತೊಟ್ಟು ನಡೆಯುತ್ತಿದ್ದಾರೆ. ಯಾರೂ ಏಳುವ ಮೊದಲು ಪ್ರಯೋಗ. ನನ್ನ ನೋಡಿ ನಿಂತರು. ನಾನೇನೂ ಹೇಳಲಿಲ್ಲ. ಅಮ್ಮನೇ, "ಇದಕ್ಕೆ ಜೇಬಿದೆ ಕಣೇ! ನಾಲ್ಕು!" ಅಂದರು. ಒಂದರಲ್ಲಿ ಮಾತ್ರೆ, ಒಂದರಲ್ಲಿ ಕರ್ಚೀಫು, ಒಂದರಲ್ಲಿ ಫೋನು ಆಗಲೇ ಹಾಕಿಕೊಂಡಿದ್ದರು. ನಾಲ್ಕನೆಯದಕ್ಕೆ ಜಿಪ್ ಇತ್ತು. "ಇದು ಪಾಸ್‌ಪೋರ್ಟಿಗೆ" ಅಂದರು.

ಒಂದು ಸೀರೆ ಮಾತ್ರ ಬಂತು. ಜರಿ ಕಡಿಮೆ ಇರುವ ಹಳೇ ಮೈಸೂರು ರೇಷ್ಮೆ ಕ್ರೇಪ್, ಅಪ್ಪ ಕೊಡಿಸಿದ್ದು. ಮಡಿಸಿದರೆ ಅಂಗೈಯಷ್ಟು ಜಾಗ, ಸುಕ್ಕು ಬೀಳಲ್ಲ, ಇಸ್ತ್ರಿ ಬೇಡ, ರೇಷ್ಮೆಯಾದ್ದರಿಂದ ಬೆಚ್ಚಗೂ ಇರುತ್ತೆ. ಹಡಗಿನಲ್ಲಿ ಒಂದು ರಾತ್ರಿ ಕ್ಯಾಪ್ಟನ್ ಜೊತೆ ವಿಶೇಷ ಊಟ ಇರುತ್ತೆ. ಅದಕ್ಕಂತ ಸೂಟು, ಹೈ ಹೀಲ್ಸ್, ಬ್ಲೇಜರ್ ಹೊತ್ತು ತರುವವರಿದ್ದಾರೆ. ನದಿ ಹಡಗಿನಲ್ಲಿ ಅಷ್ಟು ಠೀವಿ ಬೇಕಿಲ್ಲ, ಕಾಲರ್ ಇರುವ ಒಂದು ಒಳ್ಳೆ ಅಂಗಿ ಸಾಕು. ಅರ್ಧ ಕಿಲೋಗೂ ಕಡಿಮೆ ತೂಕದ ಆ ಸೀರೆಯಲ್ಲಿ ಅಮ್ಮ ಬಂದಾಗ ಇಡೀ ಊಟದ ಕೋಣೆ ತಿರುಗಿ ನೋಡಿತು. ನನ್ನ ಕಪ್ಪು ಕುರ್ತಾ ಯಾರ ಕಣ್ಣಿಗೂ ಬೀಳಲಿಲ್ಲ.

ಬೂಟಿನ ವಿಷಯದಲ್ಲಿ ಮಾತ್ರ ಜಿಪುಣತನ ಮಾಡಬೇಡಿ. ಸಂತೆಯಲ್ಲಿ ನಾವು ನಡೆಯೋದಕ್ಕಿಂತ ನಿಲ್ಲೋದೇ ಹೆಚ್ಚು, ತಣ್ಣನೆ ಕಲ್ಲು ಅಂಗಾಲಿನಿಂದ ಬಿಸಿ ಹೀರುತ್ತೆ. ಅಟ್ಟೆ ದಪ್ಪ ಇರಬೇಕು, ಹಿಡಿತ ಇರಬೇಕು, ಕಣಕಾಲು ಮುಚ್ಚಬೇಕು, ನೀರು ಒಳಗೆ ಬರಬಾರದು. ಒಂದು ಸೈಜ್ ದೊಡ್ಡದು ತಗೊಳ್ಳಿ. ಬಿಗಿ ಬೂಟಿನೊಳಗೆ ಎರಡೆರಡು ಕಾಲುಚೀಲ ತುರುಕಿದರೆ ರಕ್ತ ಓಡಾಡದೆ ಕಾಲು ಇನ್ನಷ್ಟು ತಣ್ಣಗಾಗುತ್ತೆ. ಉಣ್ಣೆಯ ಕಾಲುಚೀಲ ಮೂರು ಜೊತೆ ಇದ್ದರೆ ಆಯಿತು. ಹಡಗಿನೊಳಗೆ ಓಡಾಡಲು ಒಂದು ಹಗುರ ಚಪ್ಪಲಿ. ಬೂಟು ಒಂದೇ ಜೊತೆ, ಅದನ್ನು ಬೆಂಗಳೂರಿನಲ್ಲೇ ಕಾಲಿಗೆ ಹಾಕಿಕೊಂಡು ಹೊರಡಿ. ಭಾರದ್ದೆಲ್ಲ ಮೈಮೇಲೆ, ಹಗುರದ್ದು ಬ್ಯಾಗಿನೊಳಗೆ. ಮೈಮೇಲಿನದನ್ನು ಯಾವ ಕೌಂಟರಿನಲ್ಲೂ ತೂಗಲ್ಲ. ಜಾಕೆಟ್ ಕೈಯಲ್ಲಿ, ಅದರ ಜೇಬುಗಳಲ್ಲಿ ಕೈಗವಸು, ಟೋಪಿ, ಮಫ್ಲರ್, ಚಾರ್ಜರ್. ಕೆಂಪೇಗೌಡ ನಿಲ್ದಾಣದಲ್ಲಿ ಬೆವರಿದ್ದು ನಿಜ. ಒಂದು ಗಂಟೆಯ ಮಾತು.

ಬ್ಯಾಗಿನದೇ ತೂಕ ನೋಡಿಕೊಳ್ಳಿ. ಗಟ್ಟಿ ಚಿಪ್ಪಿನ ಟ್ರಾಲಿ ಕೆಲವು ಖಾಲಿಯೇ 3 ಕಿಲೋ ದಾಟುತ್ತವೆ. 8ರಲ್ಲಿ 3 ಅದಕ್ಕೇ ಹೋದರೆ ಉಳಿದದ್ದೇನು? ಅಮ್ಮನಿಗೆ ಬಟ್ಟೆಯ, ಎರಡು ದೊಡ್ಡ ಗಾಲಿಯ ಟ್ರಾಲಿ ಹುಡುಕಿದೆ. ನಾಲ್ಕು ಪುಟ್ಟ ಗಾಲಿಯವು ವಿಮಾನ ನಿಲ್ದಾಣದ ನುಣುಪು ನೆಲಕ್ಕೆ ಚೆನ್ನ. ರೆಗನ್ಸ್‌ಬರ್ಗಿನ ಹಳೇ ಕಲ್ಲುಬೀದಿಯಲ್ಲಿ ಅವು ಸಂದಿಗೆ ಸಿಕ್ಕಿ ಮೊಂಡು ಹಿಡಿದ ಕರುವಿನ ಹಾಗೆ ನಿಂತುಬಿಡುತ್ತವೆ.

ಇನ್ನು ತಿಂಡಿ. ಇಲ್ಲಿ ಅಮ್ಮನ ಜೊತೆ ನಿಜವಾದ ಯುದ್ಧ ನಡೆಯಿತು. ಮೊದಲ ಪಟ್ಟಿಯಲ್ಲಿ ಒಂದು ಡಬ್ಬಿ ತುಪ್ಪ, ಹಸಿ ಕರಿಬೇವು, ಮಾವಿನ ಮಿಡಿ ಉಪ್ಪಿನಕಾಯಿ, ಅರ್ಧ ಕಿಲೋ ಕೊಬ್ಬರಿ, ಸಣ್ಣ ಎಲೆಕ್ಟ್ರಿಕ್ ಕುಕ್ಕರ್ ಇದ್ದವು. ತೂಕ ಬಿಡಿ, ಒಂದೊಂದಕ್ಕೂ ಒಂದೊಂದು ತಡೆ. ಹೊರಗಿನ ದೇಶದಿಂದ ಪ್ರಯಾಣಿಕರು ಹಾಲಿನ ಉತ್ಪನ್ನ, ಮಾಂಸ ತರುವುದನ್ನು ಯುರೋಪಿಯನ್ ಒಕ್ಕೂಟ ನಿಷೇಧಿಸಿದೆ, ತುಪ್ಪವೂ ಅದರಲ್ಲೇ ಬಂತು. ಹಸಿ ಸೊಪ್ಪಿಗೆ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು. ಎಣ್ಣೆ ಉಪ್ಪಿನಕಾಯಿ ಕ್ಯಾಬಿನ್ ಬ್ಯಾಗಿನಲ್ಲಿ ಹೋಗಲ್ಲ. ಕುಕ್ಕರ್, ಇಸ್ತ್ರಿ ಪೆಟ್ಟಿಗೆಯಂಥ ಕಾಯಿಸುವ ಸಾಮಾನುಗಳನ್ನು ಬೆಂಕಿಯ ಭಯಕ್ಕೆ ಹಡಗಿನವರು ಕ್ಯಾಬಿನ್ನಿನಲ್ಲಿ ಬಿಡುವುದಿಲ್ಲ.

ಕೊಬ್ಬರಿ ಬಗ್ಗೆ ಹೇಳಿದಾಗ ಅಮ್ಮನಿಗೆ ಸಿಟ್ಟೇ ಬಂತು. ತಿಪಟೂರಿನವರಿಗೆ ಕೊಬ್ಬರಿ ತರಬೇಡಿ ಅಂದರೆ! ಆದರೆ ವಿಮಾನಯಾನದ ಅಪಾಯಕಾರಿ ಸರಕಿನ ಪಟ್ಟಿಯಲ್ಲಿ ಕೊಬ್ಬರಿಯೂ ಇದೆ, ತಾನಾಗಿಯೇ ಬಿಸಿಯಾಗಿ ಹೊತ್ತಿಕೊಳ್ಳಬಹುದಾದ ವಸ್ತು ಅಂತ. ಫೋನಿನಲ್ಲಿ ತೋರಿಸಿದೆ. ಎರಡು ಸಲ ಓದಿದರು. "ಎಣ್ಣೆ ಅಂಶ ಗಾಳಿ ಜೊತೆ ಸೇರಿ ಬಿಸಿಯಾಗುತ್ತೆ, ಸರಿ" ಅಂತ ವಿಜ್ಞಾನದ ಮೇಷ್ಟ್ರು ಒಪ್ಪಿದರು. ತಿಪಟೂರಿನವರು ಒಪ್ಪಿದ ಹಾಗೆ ಕಾಣಲಿಲ್ಲ.

ಕೊನೆಗೆ ಬಂದಿದ್ದು ಗೊಜ್ಜವಲಕ್ಕಿ ಮಿಶ್ರಣ, ಬಿಸಿನೀರು ಹಾಕಿದರೆ ಆಗುವ ಉಪ್ಪಿಟ್ಟಿನ ಪೊಟ್ಟಣ ನಾಲ್ಕು, ಕೋಡುಬಳೆ. ಇಬ್ಬರಿಗೂ ಸೇರಿ ಒಂದು ಕಿಲೋ ಒಳಗೆ. ಹಡಗಿನ ಲೌಂಜ್‌ನಲ್ಲಿ ಕಾಫಿ ಮೆಷಿನ್ ಇತ್ತು, ಬಿಸಿನೀರು ಯಾವಾಗ ಬೇಕಾದರೂ ಸಿಗುತ್ತಿತ್ತು. ಸಸ್ಯಾಹಾರಿ ಅಂತ ಬುಕ್ ಮಾಡುವಾಗಲೇ ಬರೆದಿದ್ದರಿಂದ ಊಟಕ್ಕೆ ಪರದಾಡಲಿಲ್ಲ, ಆದರೆ ನಾಲ್ಕನೇ ದಿನದ ಹೊತ್ತಿಗೆ ಚೀಸ್ ಅಂದರೆ ಅಮ್ಮ ಮುಖ ತಿರುಗಿಸುತ್ತಿದ್ದರು. ಆಗ ಗೊಜ್ಜವಲಕ್ಕಿ ಕೈಹಿಡಿಯಿತು. ಸಂತೆಯಲ್ಲಿ ಕೂಡ ನಮಗೆ ಸಿಗುವುದು ಬೇಕಾದಷ್ಟಿದೆ: ತುರಿದ ಆಲೂಗಡ್ಡೆಯನ್ನು ಎಣ್ಣೆಯಲ್ಲಿ ಕರಿದು ಸೇಬಿನ ಗೊಜ್ಜಿನ ಜೊತೆ ಕೊಡುವ ಕಾರ್ಟೊಫೆಲ್‌ಪುಫರ್, ಸುಟ್ಟ ಚೆಸ್ಟ್‌ನಟ್, ಬುಡಾಪೆಸ್ಟ್‌ನಲ್ಲಿ ನಮ್ಮ ಭಟೂರದ ಅಣ್ಣನಂತಿರುವ ಲಾಂಗೋಶ್. ಎಲ್ಲರೂ ಕುಡಿಯುವ ಬಿಸಿ ಪಾನೀಯ ವೈನ್‌ನದ್ದು. ಬೇಡದವರು ಕಿಂಡರ್‌ಪುನ್ಶ್ ಅಂತ ಕೇಳಬೇಕು, ಹಣ್ಣಿನ ರಸ, ಮದ್ಯ ಇರಲ್ಲ. ಬಿಸಿ ಚೆಸ್ಟ್‌ನಟ್ ಪೊಟ್ಟಣ ಜಾಕೆಟ್ ಜೇಬಿಗಿಟ್ಟರೆ ಕೈ ಕಾಯಿಸಿಕೊಳ್ಳುವ ಒಲೆ.

ಕೊಬ್ಬರಿ ಬಿಟ್ಟರೂ ಕೊಬ್ಬರಿ ಎಣ್ಣೆ ಬಿಡಲಿಲ್ಲ. ಸುಮಾರು 24 ಡಿಗ್ರಿಗಿಂತ ಕೆಳಗೆ ಅದು ಗಟ್ಟಿಯಾಗುತ್ತೆ, ಸಣ್ಣ ಬಾಯಿಯ ಬಾಟಲಿಯಲ್ಲಿ ತಂದರೆ ಒಂದು ಹನಿಯೂ ಬರಲ್ಲ. ಅಗಲ ಬಾಯಿಯ 50 ಮಿಲಿ ಡಬ್ಬಿಗೆ ಹಾಕಿ, ಉಳಿದ ಕ್ರೀಮುಗಳ ಜೊತೆ ಪಾರದರ್ಶಕ ಕವರಿನಲ್ಲಿಟ್ಟೆವು. ಗಟ್ಟಿಯಾದರೂ ಭದ್ರತಾ ತಪಾಸಣೆಯಲ್ಲಿ ದ್ರವದ ಲೆಕ್ಕವೇ ಅಂದುಕೊಳ್ಳಿ, 100 ಮಿಲಿಯೊಳಗೇ ಇರಲಿ. ತುಟಿ, ಹಿಮ್ಮಡಿ, ಮುಖ, ಕೂದಲು ನಾಲ್ಕಕ್ಕೂ ಅದೊಂದೇ ಆಯಿತು. ನಾನು ತಂದಿದ್ದ ಮೂರು ದುಬಾರಿ ಕ್ರೀಮುಗಳ ಪಕ್ಕ ಅದನ್ನಿಟ್ಟು ಅಮ್ಮ ಸುಮ್ಮನೆ ನೋಡಿದರು.

ಮಾತ್ರೆಗಳನ್ನು ಯಾವ ಕಾರಣಕ್ಕೂ ಕೈಬಿಡಬೇಡಿ. ಡಬ್ಬಿಗೆ ಸುರಿಯದೆ ಸ್ಟ್ರಿಪ್‌ನಲ್ಲೇ ಇಡಿ, ಔಷಧದ ಮೂಲ ಹೆಸರು ಬರೆದ ವೈದ್ಯರ ಚೀಟಿ ಜೊತೆಗಿರಲಿ, ನಾಲ್ಕು ದಿನಕ್ಕೆ ಹೆಚ್ಚೇ ತನ್ನಿ. ಪವರ್ ಬ್ಯಾಂಕ್ ಕ್ಯಾಬಿನ್ ಬ್ಯಾಗಿನಲ್ಲೇ ಇರಬೇಕು, ಅದು ನಿಯಮ. ಚಳಿಗೆ ಫೋನ್ ಬ್ಯಾಟರಿ ಬೇಗ ಇಳಿಯುತ್ತೆ, ಜಾಕೆಟ್‌ನ ಒಳಜೇಬಿನಲ್ಲಿಡಿ. ಹೇರ್ ಡ್ರೈಯರ್, ಟವೆಲ್, ಛತ್ರಿ ಮೂರನ್ನೂ ಬಿಟ್ಟೆವು. ಮೊದಲೆರಡು ಹಡಗಿನಲ್ಲೇ ಇದ್ದವು, ಮೂರನೆಯದು ನದಿಯ ಗಾಳಿಗೆ ನಿಲ್ಲಲ್ಲ.

ಫೋಟೊ ಬಗ್ಗೆ ಚಿಂತೆ ಮಾಡುವವರಿಗೆ ಒಂದು ಮಾತು. ಹೊರಗಿನ ಫೋಟೊದಲ್ಲಿ ಕಾಣೋದು ಜಾಕೆಟ್, ಟೋಪಿ, ಮಫ್ಲರ್ ಮಾತ್ರ. ಒಳಗೆ ನೀವು ಹತ್ತು ಟಾಪ್ ತಂದಿದ್ದೀರೋ ಎರಡೋ, ಕ್ಯಾಮೆರಾಗೆ ಗೊತ್ತಾಗಲ್ಲ. ನಾನು ಮೂರು ಬಣ್ಣದ ತೆಳು ಮಫ್ಲರ್ ತಂದಿದ್ದೆ, ಮೂರೂ ಸೇರಿ ಒಂದು ಸ್ವೆಟರಿನ ತೂಕ ಇಲ್ಲ.

ಇಷ್ಟೆಲ್ಲ ತೂಗಿ ಅಳೆದಿದ್ದಕ್ಕೆ ಫಲ ಸಿಕ್ಕಿದ್ದು ಮೂರನೇ ರಾತ್ರಿ. ರೆಗನ್ಸ್‌ಬರ್ಗಿನಲ್ಲಿದ್ದೆವು. ಊಟದ ಹೊತ್ತಿಗೆ ಪ್ರಕಟಣೆ ಬಂತು: ಮುಂದೆ ನದಿಯಲ್ಲಿ ನೀರು ಕಡಿಮೆ, ಹಡಗು ಹೋಗಲ್ಲ, ನಾಳೆ ಬೆಳಗ್ಗೆ ಎಲ್ಲರೂ ಬಸ್ಸಿನಲ್ಲಿ ಪಸಾವ್‌ಗೆ, ಅಲ್ಲಿ ಇದೇ ಥರದ ಇನ್ನೊಂದು ಹಡಗು ಕಾಯುತ್ತಿದೆ, ಏಳು ಗಂಟೆಗೆ ಬ್ಯಾಗ್ ಸಿದ್ಧವಿರಲಿ. ಡ್ಯಾನ್ಯೂಬಿನಲ್ಲಿ ಇದು ಅಪರೂಪವೇನಲ್ಲ. ಜರ್ಮನಿಯಲ್ಲಿ ನದಿಯ ಬಹುಭಾಗಕ್ಕೆ ಅಣೆಕಟ್ಟೆ, ಲಾಕ್‌ಗಳಿದ್ದು ನೀರಿನ ಮಟ್ಟ ಹಿಡಿದಿಡುತ್ತವೆ. ಸ್ಟ್ರೌಬಿಂಗ್‌ನಿಂದ ವಿಲ್ಸ್‌ಹೋಫನ್‌ವರೆಗೆ ಸುಮಾರು 70 ಕಿಲೋಮೀಟರ್ ಮಾತ್ರ ನದಿ ತನ್ನ ಪಾಡಿಗೆ ಹರಿಯುತ್ತೆ. ಅಲ್ಲಿ ನೀರು ಇಳಿದರೆ ತಳ ತಾಗುತ್ತೆ. ನೀರು ಏರಿದರೂ ಕಷ್ಟ, ಹಳೇ ಸೇತುವೆಗಳ ಕೆಳಗೆ ಹಡಗು ನುಸುಳಲ್ಲ. ನದಿ ಕ್ರೂಸ್ ಬುಕ್ ಮಾಡುವವರು ಇದನ್ನು ಲೆಕ್ಕಕ್ಕೆ ಇಟ್ಟುಕೊಂಡೇ ಮಾಡಬೇಕು.

ಹಡಗಿನಲ್ಲಿ ಸಣ್ಣ ಗಲಿಬಿಲಿ. ನಮ್ಮ ಎದುರಿನ ಕ್ಯಾಬಿನ್ನಿನ ವಯಸ್ಸಾದ ದಂಪತಿಗೆ ನಾಲ್ಕು ಸೂಟ್‌ಕೇಸ್. ಅಷ್ಟು ದಿನ ಬೀರುವಿನಲ್ಲಿ, ಡ್ರಾಯರುಗಳಲ್ಲಿ ಹರಡಿದ್ದನ್ನೆಲ್ಲ ಮತ್ತೆ ತುಂಬುತ್ತಾ ಹನ್ನೊಂದು ಗಂಟೆಯವರೆಗೆ ಜಿಪ್ ಎಳೆಯುವ ಸದ್ದು, ಗೊಣಗಾಟ. ಅಮ್ಮ ಬೆಳಗ್ಗೆ ಆರಕ್ಕೆ ಎದ್ದು, ಸ್ನಾನ ಮಾಡಿ, ಹದಿನೈದು ನಿಮಿಷದಲ್ಲಿ ಬ್ಯಾಗ್ ಮುಚ್ಚಿದರು. ಬ್ಯಾಗ್‌ಗಳನ್ನು ಬಾಗಿಲಾಚೆ ಇಡಿ, ಸಿಬ್ಬಂದಿ ಸಾಗಿಸ್ತಾರೆ ಅಂದಿದ್ದರು. ಅಮ್ಮ ಇಡಲಿಲ್ಲ. "ಮಾತ್ರೆ ಇದೆ" ಅನ್ನೋದು ಅವರು ಕೊಟ್ಟ ಕಾರಣ.

ಅವತ್ತು ನಮ್ಮ ಹಡಗಿಗೂ ದಡಕ್ಕೂ ಮಧ್ಯೆ ಇನ್ನೊಂದು ಹಡಗು ನಿಂತಿತ್ತು. ದಡದಲ್ಲಿ ಜಾಗ ಸಾಲದಾಗ ಹಡಗುಗಳನ್ನು ಹೀಗೆ ಪಕ್ಕಪಕ್ಕ ಕಟ್ಟುತ್ತಾರೆ. ಅದರೊಳಗಿನಿಂದ ಹಾದು, ಆಮೇಲೆ ಕಬ್ಬಿಣದ ಹಲಗೆ ದಾಟಿ ಹೋಗಬೇಕು. ಹಲಗೆಯ ಮೇಲೆ ಇಬ್ಬನಿ ಹೆಪ್ಪುಗಟ್ಟಿತ್ತು. ನಾನು ಅಭ್ಯಾಸಬಲದಿಂದ ಹಿಂದಿನಿಂದ ಕೈ ಚಾಚಿದೆ. ಅಮ್ಮ ತಿರುಗಿಯೂ ನೋಡದೆ, "ಮುಟ್ಟಬೇಡ ಅಂದಿದ್ದೆ" ಅಂದರು. ಒಂದು ಕೈಯಲ್ಲಿ ಕಂಬಿ, ಒಂದು ಕೈಯಲ್ಲಿ ಬ್ಯಾಗ್, ಒಂದೊಂದೇ ಹೆಜ್ಜೆ. ದಡದಲ್ಲಿದ್ದ ಹುಡುಗ ಇಸಿದುಕೊಳ್ಳಲು ಬಂದ. ಅವನಿಗೂ ಕೊಡಲಿಲ್ಲ. ಬಸ್ಸಿನ ಕಿಟಕಿ ಪಕ್ಕ ಕೂತು ಬ್ಯಾಗನ್ನು ಕಾಲ ಬಳಿ ಇಟ್ಟುಕೊಂಡು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ನಿಮ್ಮಪ್ಪ ನೋಡಿದ್ರೆ ನಂಬ್ತಿರ್ಲಿಲ್ಲ" ಅಂದರು. ಅಷ್ಟೇ. ಆ ವಿಷಯ ಮತ್ತೆ ಎತ್ತಲಿಲ್ಲ.

ಪಸಾವ್‌ನಲ್ಲಿ ಮೂರು ನದಿಗಳು ಸೇರುತ್ತವೆ, ಡ್ಯಾನ್ಯೂಬ್, ಇನ್, ಇಲ್ಜ್. ಅಲ್ಲಿನ ಪುರಭವನದ ಗೋಡೆ ಮೇಲೆ ಹಳೇ ಪ್ರವಾಹಗಳ ಗುರುತು ಹಾಕಿದ್ದಾರೆ. 2013ರ ಗೆರೆ ನಮ್ಮ ತಲೆಗಿಂತ ಎಷ್ಟೋ ಮೇಲೆ. 1501ರ ನಂತರ ಅಷ್ಟು ನೀರು ಬಂದಿದ್ದು ಅದೇ ಮೊದಲು. ನೀರಿಲ್ಲ ಅಂತ ಬಸ್ಸಿನಲ್ಲಿ ಬಂದವರು ನಾವು ಆ ಗೆರೆಯ ಕೆಳಗೆ ನಿಂತು ಫೋಟೊ ತೆಗೆಸಿಕೊಂಡೆವು. ಫೋಟೊದಲ್ಲಿ ಅಮ್ಮನ ಎರಡೂ ಕೈ ಪ್ಯಾಂಟಿನ ಜೇಬಿನಲ್ಲಿವೆ.

ಬರುವಾಗ ಬ್ಯಾಗ್ ಎಷ್ಟು ಭಾರವಾಗುತ್ತೆ ಅಂತಲೂ ಕೇಳಿದ್ರಿ. ಹೋಗುವಾಗ ಅಮ್ಮನದು 7.4, ನನ್ನದು 7.1 ಕಿಲೋ. ತಿಂಡಿ ಖರ್ಚಾಗಿ ಜಾಗವಾಯಿತು. ಸಂತೆಯಲ್ಲಿ ಬಿಸಿ ಪಾನೀಯ ಕೊಡುವ ಪಿಂಗಾಣಿ ಕಪ್ಪಿಗೆ ಠೇವಣಿ ಇಸಿದುಕೊಳ್ಳುತ್ತಾರೆ. ಕಪ್ ವಾಪಸ್ ಕೊಡದಿದ್ದರೆ ಅದು ನಿಮ್ಮದೇ. ಪ್ರತಿ ಊರಿಗೆ ಬೇರೆ ಚಿತ್ರ, ಬೇರೆ ಬಣ್ಣ. ಎಲ್ಲ ಊರಿನದ್ದೂ ಕೂಡಿಹಾಕುವ ಆಸೆ ಬಂದೇ ಬರುತ್ತೆ, ಒಂದೊಂದು ಕಪ್ಪೂ ಕಲ್ಲಿನ ಭಾರ. ನಾವು ವಿಯೆನ್ನಾದ್ದು ಎರಡು ತಗೊಂಡು, ಉಣ್ಣೆ ಕಾಲುಚೀಲದೊಳಗೆ ಸುತ್ತಿಟ್ಟೆವು. ನ್ಯೂರೆಂಬರ್ಗಿನ ಲೆಬ್‌ಕೂಖನ್ ಬಿಸ್ಕತ್ತು ಒಂದು ಪೊಟ್ಟಣ ದೊಡ್ಡಮ್ಮನಿಗೆ. ಕೊಳ್ಳುವ ಮೊದಲು ಮೊಟ್ಟೆ ಇದೆಯೇ ಅಂತ ಕೇಳಿಕೊಳ್ಳಿ, ಬಹುತೇಕದರಲ್ಲಿ ಇರುತ್ತೆ. ದೊಡ್ಡಮ್ಮನಿಗೆ ಅದರ ತಕರಾರಿಲ್ಲ. ಬುಡಾಪೆಸ್ಟ್ ನಿಲ್ದಾಣದಲ್ಲಿ ಅಮ್ಮನ ಬ್ಯಾಗ್ 7.9 ತೋರಿಸಿತು.

ಇಷ್ಟೆಲ್ಲ ಕೊಳ್ಳಬೇಕಾ, ಒಂದು ಸಲಕ್ಕೆ ಖರ್ಚು ಜಾಸ್ತಿ ಆಗಲ್ವಾ ಅನ್ನೋದು ಇನ್ನೊಬ್ಬರ ಪ್ರಶ್ನೆ. ಬೂಟು, ಥರ್ಮಲ್, ಕಾಲುಚೀಲ ನಿಮ್ಮ ಅಳತೆಯದೇ ಕೊಳ್ಳಿ. ಜಾಕೆಟ್ ಮಾತ್ರ ಯಾರನ್ನಾದರೂ ಕೇಳಿ, ಬೆಂಗಳೂರಿನಲ್ಲಿ ವರ್ಷಕ್ಕೆ ಒಂದು ಸಲವೂ ಬಳಸದ ಜಾಕೆಟ್ ಪ್ರತಿ ಆಫೀಸಿನಲ್ಲೂ ಹತ್ತಿವೆ. ನನ್ನದು ಪಕ್ಕದ ಸೀಟಿನವಳದ್ದೇ. ಅಮ್ಮನದು ಹೊಸದು, ಮೇ ತಿಂಗಳಲ್ಲಿ ದೊಡ್ಡಮ್ಮನ ಜೊತೆ ಕೇದಾರಕ್ಕೆ ಹೊರಟಿದೆ. ಅದರೊಳಗೆ ಅಮ್ಮನೂ ಹೊರಟಿದ್ದಾರೆ. ದೊಡ್ಡಮ್ಮನ ಸೂಟ್‌ಕೇಸ್ ತೂಗಿಸಲು ಮೊನ್ನೆ ನನ್ನ ಕೊಕ್ಕೆ ತಕ್ಕಡಿ ತಿಪಟೂರಿಗೆ ತರಿಸಿಕೊಂಡರು.